ಎಸಿ ಹಾಕಿದರೆ ಒದ್ದೆ ಗೋಣಿಚೀಲದ ವಾಸನೆ

ಕಾರವಾರದ ಸೆಕೆ ಗೊತ್ತಲ್ವಾ, ಮೇ ತಿಂಗಳಲ್ಲಿ ಎಸಿ ಇಲ್ಲದೆ ಅಮ್ಮನಿಗೆ ನಿದ್ದೆ ಹತ್ತುವುದಿಲ್ಲ. ಆದರೆ ಹಾಕಿದ ಕೂಡಲೇ ಮುಗ್ಗಲು ವಾಸನೆ. ಸರ್ವಿಸ್‌ನವರು ಎರಡು ಸಲ ಬಂದು, ಫಿಲ್ಟರ್ ಮಾತ್ರ ತೊಳೆದು, ದುಡ್ಡು ತೆಗೆದುಕೊಂಡು ಹೋದರು. ಮೂರೇ ದಿನಕ್ಕೆ ಮತ್ತೆ ಅದೇ.

ಕೊನೆಗೆ ನಾನೇ ಸ್ಟೂಲ್ ಹತ್ತಿ ಟಾರ್ಚ್ ಬಿಟ್ಟು ನೋಡಿದೆ. ಬ್ಲೋವರ್ ರೆಕ್ಕೆಗಳ ಮೇಲೆಲ್ಲ ಕಪ್ಪು ಬೂಷ್ಟು, ಕೆಳಗಿನ ಟ್ರೇಯಲ್ಲಿ ಲೋಳೆ ಕಟ್ಟಿದ ನೀರು. ಕಡಲ ಗಾಳಿಯಲ್ಲಿ ತೇವ ಜಾಸ್ತಿ. ತಣ್ಣನೆಯ ಕಾಯಿಲ್‌ಗೆ ತಾಗಿ ಅದು ನೀರಾಗುತ್ತದೆ, ಧೂಳು ಸೇರಿದರೆ ಬೂಷ್ಟು ಹಿಡಿಯುತ್ತದೆ. ನೀರಿನ ಪೈಪನ್ನು ಬೇರೆ ನೇರ ಬಚ್ಚಲ ಮೋರಿಯೊಳಗೆ ಬಿಟ್ಟಿದ್ದಾರೆ! ಗಟಾರದ ನಾತ ಅದರಲ್ಲೇ ಹತ್ತಿ ಬರುತ್ತದೆ.

ಇಷ್ಟು ನೋಡಲು ಐದು ನಿಮಿಷ ಸಾಕಿತ್ತು. ಅಮ್ಮ ರಾತ್ರಿಯಿಡೀ ಉಸಿರಾಡುವ ಗಾಳಿ ಅಲ್ವಾ ಇದು?