38 ದಿನಗಳಲ್ಲಿ ಎರಡು ತೀರ್ಪು

1415ರ ಮೇ 29. ಜರ್ಮನಿಯ ಕಾನ್‌ಸ್ಟನ್ಸ್ ಊರಿನಲ್ಲಿ ಸೇರಿದ್ದ ಚರ್ಚ್ ಮಹಾಸಭೆ, ಪೋಪ್ ಎನಿಸಿಕೊಂಡಿದ್ದ 23ನೇ ಜಾನ್‌ನನ್ನು ಪಟ್ಟದಿಂದ ಇಳಿಸಿತು. ಚರ್ಚ್‌ನ ಹುದ್ದೆಗಳನ್ನು ದುಡ್ಡಿಗೆ ಮಾರಿದ ಅನ್ನುವುದು ದೊಡ್ಡ ಆರೋಪಗಳಲ್ಲಿ ಒಂದು. ಸರಿಯಾಗಿ 38 ದಿನಕ್ಕೆ, ಜುಲೈ 6ರಂದು, ಅದೇ ಸಭೆ ಪ್ರಾಗ್‌ನ ಪಾದ್ರಿ ಯಾನ್ ಹುಸ್ ಅವರನ್ನು ಧರ್ಮದ್ರೋಹಿ ಅಂತ ಸಾರಿ ಬೆಂಕಿಗೆ ಒಪ್ಪಿಸಿತು. ದೇವರ ಹೆಸರಲ್ಲಿ ವ್ಯಾಪಾರ ಬೇಡ ಅಂತ ವರ್ಷಗಟ್ಟಲೆ ಕೂಗಿದ್ದು ಇದೇ ಹುಸ್.

ಈ 38 ದಿನ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ನಾನು ಭಾನುವಾರ ತಪ್ಪದೆ ಚರ್ಚ್‌ಗೆ ಹೋಗುವವಳು. ಇದು ನನಗೆ ಬರೀ ಇತಿಹಾಸ ಅಲ್ಲ.

ಹೈಸ್ಕೂಲಿನಲ್ಲಿ ನಮಗೆ ಮಾರ್ಟಿನ್ ಲೂಥರ್, 1517, ಪಾಪವಿಮೋಚನಾ ಪತ್ರದ ಮಾರಾಟಕ್ಕೆ ವಿರೋಧ ಅಂತ ಬೇಗ ಬೇಗ ಪಾಠ ಮುಗಿಸಿದ್ದರು. ಅದಕ್ಕೂ ನೂರು ವರ್ಷ ಮುಂಚೆ, 1412ರಲ್ಲೇ, ಪ್ರಾಗ್‌ನ ಬೀದಿಗಳಲ್ಲಿ ಅದೇ ಪತ್ರ ಮಾರಾಟಕ್ಕಿತ್ತು. ಆಗ ಪೋಪ್ ನಾನೇ ಅನ್ನುವವರು ಒಟ್ಟು ಮೂರು ಜನ. ಅವರಲ್ಲಿ ಒಬ್ಬನಾದ ಈ ಜಾನ್‌ಗೆ ನೇಪಲ್ಸ್ ರಾಜನ ಮೇಲೆ ಯುದ್ಧ ಮಾಡಲು ದುಡ್ಡು ಬೇಕಿತ್ತು. ಪಾಪಕ್ಕೆ ಬರುವ ಶಿಕ್ಷೆ ಕಳೆಯುತ್ತೆ, ಕಾಸು ಹಾಕಿ, ಅಷ್ಟೇ. ಪ್ರಾಗ್ ಇದ್ದ ಬೊಹೇಮಿಯಾ ನಾಡಿನ ರಾಜನಿಗೂ ಅದರಲ್ಲಿ ಪಾಲು. ಇದು ಸುಳ್ಳು ಅಂತ ಚರ್ಚ್‌ಗಳಲ್ಲಿ ಎದ್ದು ಕೂಗಿದ ಮೂವರು ಹುಡುಗರ ತಲೆ ಕಡಿಸಿದರು. ಜನ ಆ ಹೆಣಗಳನ್ನು ಹೊತ್ತುಕೊಂಡು ನೇರ ಬೆತ್ಲೆಹೆಮ್ ಚಾಪೆಲ್‌ಗೆ ಬಂದರು.

ಅದು ಹುಸ್ ಬೋಧಿಸುತ್ತಿದ್ದ ಜಾಗ. ಲ್ಯಾಟಿನ್ ಅಲ್ಲ, ಜನರ ಚೆಕ್ ಭಾಷೆಯಲ್ಲೇ ಬೋಧನೆ. ಸುಮಾರು 3000 ಜನ ಹಿಡಿಸುತ್ತಿತ್ತಂತೆ. ಪಾಪನಿವೇದನೆಗೆ ದುಡ್ಡು, ಪೂಜೆಗೆ ದುಡ್ಡು, ಹೆಣ ಹೂಳಲೂ ದುಡ್ಡು ಅಂತ ಅವರು ಹೇಳುತ್ತಿದ್ದರು. ಕಳ್ಳರಿಗೆ ಹೆದರಿ ಮುದುಕಿಯೊಬ್ಬಳು ಗಂಟಿನಲ್ಲಿ ಬಚ್ಚಿಟ್ಟ ಕೊನೇ ಕಾಸೂ ಪಾದ್ರಿಯ ಕೈಯಿಂದ ಉಳಿಯುವುದಿಲ್ಲ ಅನ್ನುತ್ತಿದ್ದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿ. ಸೆರಗಿನ ತುದಿಯಲ್ಲಿ ಚಿಲ್ಲರೆ ಗಂಟು ಹಾಕಿಕೊಂಡು ಬರುತ್ತಿದ್ದರು. ಕಾಣಿಕೆ ತಟ್ಟೆ ಹತ್ತಿರ ಬಂದಾಗ ಹಲ್ಲಲ್ಲಿ ಆ ಗಂಟು ಸಡಿಲ ಮಾಡುತ್ತಿದ್ದರು. ಆ ನಾಣ್ಯದ ಹಿಂದೆ ಎಷ್ಟು ನಂಬಿಕೆ ಇತ್ತು ಅಂತ ನನಗೆ ಗೊತ್ತು. ಅದನ್ನು ಲೂಟಿ ಮಾಡಿದವರ ಮೇಲೆ ಹುಸ್‌ಗೆ ಬಂದ ಸಿಟ್ಟೂ ಅರ್ಥವಾಗುತ್ತದೆ.

ಜರ್ಮನಿಯ ರಾಜ ಸಿಗಿಸ್ಮಂಡ್ ರಕ್ಷಣೆಯ ಪತ್ರ ಕೊಡುತ್ತೇನೆ ಅಂದಿದ್ದನ್ನು ನಂಬಿ ಹುಸ್ ಕಾನ್‌ಸ್ಟನ್ಸ್‌ನ ಸಭೆಗೆ ಹೋದರು. 1414ರ ನವೆಂಬರ್ 3ಕ್ಕೆ ತಲುಪಿದರು. 28ಕ್ಕೆ ಬಂಧನ. ಮಠದ ಕಕ್ಕಸಿನ ಪಕ್ಕದ ಕೋಣೆಗೆ ಹಾಕಿದರು, ಕಾಯಿಲೆ ಬಿದ್ದರು.

ನನಗೆ ಜಾಸ್ತಿ ನೋವಾಗುವುದು ಎಲ್ಲಿ ಗೊತ್ತಾ? ಅವರನ್ನು ಸುಡಿಸಿದವರು ಭ್ರಷ್ಟರಷ್ಟೇ ಅಲ್ಲ. ಪ್ಯಾರಿಸ್‌ನ ವಿದ್ವಾಂಸ ಜೀನ್ ಗೆರ್ಸನ್, ಕಾರ್ಡಿನಲ್ (ಪೋಪ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ) ಪಿಯೆರ್ ದಾಯಿ ಇಬ್ಬರೂ ಚರ್ಚ್ ಶುದ್ಧವಾಗಬೇಕು ಅಂತ ಮನಸಾರೆ ಬಯಸಿದವರು. ಪೋಪ್‌ನನ್ನೇ ಇಳಿಸುವ ಧೈರ್ಯ ಆ ಸಭೆಗಿತ್ತು. ಆದರೆ ಇಳಿಸುವ ಹಕ್ಕು ತಮ್ಮದು ಮಾತ್ರ ಅಂದುಕೊಂಡರು. ಒಬ್ಬ ಸಾಮಾನ್ಯ ಪಾದ್ರಿ ಬೈಬಲ್ ಹಿಡಿದು, ನನ್ನ ತಪ್ಪು ಇದರಲ್ಲಿ ತೋರಿಸಿ, ತಿದ್ದಿಕೊಳ್ಳುತ್ತೇನೆ ಅಂದದ್ದು ಅವರಿಗೆ ಸಹಿಸಲಾಗಲಿಲ್ಲ. ಹುಸ್‌ಗೂ ಮುಂಚೆ ಚರ್ಚ್‌ನ ತಪ್ಪುಗಳನ್ನು ಎತ್ತಿ ತೋರಿಸಿದ್ದ ಇಂಗ್ಲೆಂಡಿನ ಪಾದ್ರಿ ಜಾನ್ ವಿಕ್ಲಿಫ್ ಮೇಲೂ ಅದೇ ಕೋಪ. ಆತ ಸತ್ತು 30 ವರ್ಷವಾಗಿತ್ತು, ಮೂಳೆ ಅಗೆದು ತೆಗೆಯಿರಿ ಅಂತ ಅದೇ ಸಭೆ ಅಪ್ಪಣೆ ಮಾಡಿತು. 1428ರಲ್ಲಿ ನಿಜಕ್ಕೂ ಅಗೆದು ಸುಟ್ಟರು.

ಚರ್ಚ್ ಒಡೆಯಬಾರದು ಅನ್ನುವ ಭಯ ಅವರಿಗಿತ್ತು, ಒಪ್ಪುತ್ತೇನೆ. ಮೂವರು ಪೋಪ್‌ಗಳ ಕಾಲ ಅದು. ಆದರೆ ಹುಸ್‌ರನ್ನು ಸುಟ್ಟ ಮೇಲೆ ಬೊಹೇಮಿಯಾ ವರ್ಷಗಟ್ಟಲೆ ಯುದ್ಧದಲ್ಲಿ ಬೆಂದಿತು. ಏನು ಉಳಿಸಿಕೊಂಡ ಹಾಗಾಯ್ತು?

ಕೊನೆಗೆ ದೆವ್ವಗಳ ಚಿತ್ರ ಬರೆದ ಕಾಗದದ ಟೋಪಿ ಹಾಕಿ ಅವರನ್ನು ಕರೆದುಕೊಂಡು ಹೋದರು. ಮಾತು ಹಿಂತೆಗೆದುಕೋ ಅಂತ ಕಂಬದ ಹತ್ತಿರವೂ ಕೇಳಿದರು. ಹುಸ್ ಒಪ್ಪಲಿಲ್ಲ.

ಪಟ್ಟ ಕಳೆದುಕೊಂಡ ಜಾನ್ ಕೆಲವು ವರ್ಷ ಸೆರೆಯಲ್ಲಿದ್ದು ಹೊರಬಂದ. ಹೊಸ ಪೋಪ್ ಅವನನ್ನು ಮತ್ತೆ ಕಾರ್ಡಿನಲ್ ಮಾಡಿದರು. 1419ರಲ್ಲಿ ಸತ್ತಾಗ ಇಟಲಿಯ ಫ್ಲಾರೆನ್ಸ್‌ನ ಬ್ಯಾಪ್ಟಿಸ್ಟ್ರಿಯಲ್ಲಿ, ಅಂದರೆ ದೀಕ್ಷಾಸ್ನಾನದ ಮಂದಿರದಲ್ಲಿ, ಜಾಗ ಸಿಕ್ಕಿತು. ಶಿಲ್ಪಿಗಳಾದ ದೊನಾತೆಲ್ಲೊ ಮತ್ತು ಮಿಕೆಲೊಝ್ಝೊ ಮಾಡಿದ ಅಮೃತಶಿಲೆ, ಕಂಚಿನ ಸಮಾಧಿ ಇವತ್ತಿಗೂ ಅಲ್ಲಿದೆ. ಹುಸ್‌ರ ಬೂದಿಯನ್ನು ರೈನ್ ನದಿಗೆ ಸುರಿದರು. ಪ್ರಾಗ್‌ನವರು ಒಂದು ಹಿಡಿಯನ್ನೂ ಮನೆಗೆ ಒಯ್ಯಬಾರದು ಅಂತ.