ಮೊದಲನೇ ದಿನಾನೇ ಸೂಪರ್ ಮಾರ್ಕೆಟ್‌ಗಿ ಗಾಡಿ ಒಯ್ಯಬ್ಯಾಡ್ರಿ

ನಿನ್ನಿ ರಾತ್ರಿ 11.30ರ ಸುಮಾರು ನಮ್ಮ ಅಕ್ಕನ ಮಗ ಹೆಡ್‌ಫೋನ್ ತಗದು ಟೇಬಲ್ ಮ್ಯಾಲ ಇಟ್ಟ, ಒಂದ್ ಮಾತೂ ಆಡದೆ ಹೋಗಿ ಗ್ವಾಡಿ ಕಡಿ ಮಾರಿ ಮಾಡಿ ಮಲಕೊಂಡ. ಸೇಡಂದಿಂದ ರಜಾಕ್ಕಂತ ಬಂದ ಹುಡುಗ. ನಾಲ್ಕು ದಿನದಿಂದ "ಮಾಮಾ, ನಾ ಮಂಗಳ ಗ್ರಹದಾಗ ಪಾಸ್ ಆದೆ" ಅಂತ ಮನಿ ತುಂಬ ಕುಣದವ. ನಿನ್ನಿ ಅವನಿಗಿ ಹೆಲ್‌ಡೈವರ್ಸ್ 2 ಅನ್ನೋ ವಿಡಿಯೊ ಗೇಮಿನಿಂದ ಹೊರಗ ಹಾಕ್ಯಾರ. ಅದೂ ಯಾವಾಗ? ಎಲ್ಲಾ ಕೆಲಸ ಮುಗದು, ವಾಪಸ್ ಕರಕೊಂಡು ಹೋಗೋ ವಿಮಾನ ತಲಿ ಮ್ಯಾಲ ಬಂದು ನಿಂತಾಗ.

ಆ ಸಿಟ್ಟು ಇನ್ನಾ ಇಳಿದಿಲ್ಲ, ಅದಕ್ಕೇ ಬರಿಲತ್ತೀನಿ. ಉದ್ದ ಆಗ್ತದ. "ಈ ವಯಸ್ಸಿನ್ಯಾಗ ವಿಡಿಯೊ ಗೇಮಾ ಸರ?" ಅನ್ನೋರು ಇಲ್ಲೇ ಇಳಕೊಳ್ರಿ, ಮುಂದ ಸ್ಟಾಪ್ ಇಲ್ಲ.

ಹೆಲ್‌ಡೈವರ್ಸ್ 2 ಗೊತ್ತಿಲ್ಲದೋರಿಗಿ ಎರಡೇ ಮಾತು. ಸ್ವೀಡನ್ನಿನ ಆ್ಯರೋಹೆಡ್ ಅನ್ನೋರು ಮಾಡಿದ ಆಟ, 2024ರ ಫೆಬ್ರವರಿದಾಗ ಬಂತು. ನಾಲ್ಕು ಮಂದಿ ಕೂಡಿ ಬ್ಯಾರೆ ಬ್ಯಾರೆ ಗ್ರಹಕ್ಕ ಇಳದು ದೊಡ್ಡ ದೊಡ್ಡ ಹುಳ, ಯಂತ್ರದ ಮನುಷ್ಯರು, ಇಂಥವರ ಜೋಡಿ ಗುದ್ದಾಡೋದು. ನಾಲ್ವರದೂ ಒಂದೇ ಪಾರ್ಟಿ, ಆದ್ರೂ ನಿನ್ನ ಗುಂಡು ನನಗ ಬಡದ್ರ ನಾ ಸಾಯ್ತೀನಿ. ಅದನ್ನ ಬಂದ್ ಮಾಡೋ ಬಟನ್ನೇ ಇಲ್ಲ. ನನಗ ಈ ಆಟ ಸೇರಿದ್ದೇ ಅದಕ್ಕ, ನಮ್ಮ ಕಲಬುರಗಿ ಜಗತ್ ಸರ್ಕಲ್ಲಿನ ಟ್ರಾಫಿಕ್ ಇದ್ದಂಗೇ ಅದ.

ಹೊಸಬರಿಗಿ ಶುರುವಿಗಿ ತರಬೇತಿ ಕೊಡ್ತಾರ, ಮಂಗಳ ಗ್ರಹದ ಮ್ಯಾಲ. ಜನರಲ್ ಬ್ರಾಶ್ ಅಂತ ಒಬ್ಬಾಂವ ಎದಿ ಉಬ್ಬಿಸಿ ಹೇಳ್ಕೋತ ಹೋಗ್ತಾನ: ಬಗ್ಗು, ತೆವಳು, ಜಿಗಿ, ಗ್ರೆನೇಡ್ ಒಗಿ, ಗಾಯ ಆದ್ರ ಸೂಜಿ ಚುಚ್ಚಿಕೊ, ಬಾಣದ ಗುರ್ತು ಒತ್ತಿ ಮ್ಯಾಲಿಂದ ಸಾಮಾನು ತರಿಸು. ಅರ್ಧ ತಾಸಿನ್ಯಾಗ ಮುಗೀತು. ಬೆನ್ನಿಗಿ ಒಂದು ಕೇಪು ಕಟ್ಟಿ ಕಳಸ್ತಾರ. ನಮ್ಮ ಹುಡುಗನ ಎದಿ ಬ್ರಾಶ್‌ಕಿಂತ ಎರಡ್ ಇಂಚು ಜಾಸ್ತೀನೇ ಉಬ್ಬಿತ್ತು.

ಆದ್ರ ಅದು ಬರೇ ಎಲ್‌ಎಲ್ಲು, ಕಲಿಯೋರಿಗಿ ಕೊಡೋ ಲೈಸನ್ಸು. ಡ್ರೈವಿಂಗ್ ಲೈಸನ್ಸ್ ಅಲ್ಲ. ಸಾಯೋ ವಿಷಯ ಯಾವುದೂ ಅಲ್ಲಿ ಹೇಳಲ್ಲ. ಸಾಮಾನು ತರಿಸ್ಲಿಕ್ಕ ಒಗದ ಉಂಡಿ ಎಲ್ಲಿ ಬೀಳ್ತದ, ಆಕಾಶದಿಂದ ಬರೋ ಡಬ್ಬಿನೂ ಅಲ್ಲೇ ಬೀಳ್ತದ, ತೆಳಗ ನಿಂತಾಂವ ಚಟ್ನಿ. (ನನ್ನ ಮೊದಲನೇ ಸಾವು ಇದೇ. ನನ್ನ ಕಾಲಿಗೇ ಒಗದುಕೊಂಡಿದ್ದೆ.) ಗುಂಡು ಉಳಿದಾಗ ರೀಲೋಡ್ ಮಾಡಿದ್ರ ಉಳದ ಗುಂಡು ಮ್ಯಾಗಜಿನ್ ಸಮೇತ ಮಣ್ಣಪಾಲು. ಮದ್ದಿನ ಪೆಟ್ಟಿಗ್ಯಾಗ ನಾಲ್ಕು ಡಬ್ಬಿ ಇರ್ತಾವ, ಅಂದ್ರ ಮನುಷ್ಯಾಗ ಒಂದು, ಒಬ್ಬನೇ ನಾಲ್ಕೂ ಬಾಚಿಕೊಳ್ಳೋದಲ್ಲ. ಚಾರ್ಜರ್ ಅನ್ನೋ ಗೂಳಿಯಂಥ ಹುಳದ ಮುಂದಿನ ಚಿಪ್ಪಿಗಿ ಕೈಯಾಗಿನ ರೈಫಲ್ ಗುಂಡು ಜಾರಿ ಹೋಗ್ತದ, ಅದಕ್ಕ ರಾಕೆಟ್ಟಿನಂಥ ದೊಡ್ಡ ಆಯುಧ ಬೇಕು. ಯಂತ್ರದೋರ ಗುಂಪಿನ್ಯಾಗ ಒಬ್ಬಾಂವ ಕೆಂಪು ದೀಪ ಮ್ಯಾಲ ಹಾರಿಸ್ತಾನ, ಅವನಿಗಿ ಮೊದಲು ಹೊಡೀಲಿಲ್ಲಂದ್ರ ಹಡಗಿನ ತುಂಬ ಮಂದಿ ಬಂದು ಇಳೀತಾರ. ಎಲ್ಲಕಿಂತ ದೊಡ್ಡದು, ಕಂಡ ಗುಂಪಿಗೆಲ್ಲಾ ಗುಂಡು ಹೊಡೀಬಾರದು, ಸುಮ್ಮ ಬಗ್ಗಿ ದಾಟಿ ಹೋದ್ರ ನಡೀತದ. ಇದನ್ನ ಕಲಿಲಿಕ್ಕ ನನಗ ಎರಡ್ ತಿಂಗಳು ಹಿಡೀತು.

ಇವೆಲ್ಲ ಎಲ್ಲಿ ಕಲೀಬೇಕು? ಒಂದು, ಎರಡು, ಮೂರನೇ ಲೆವೆಲ್‌ನ್ಯಾಗ. ಆಟ ಎಷ್ಟು ಕಠಿಣ ಇರಬೇಕು ಅನ್ನೋದಕ್ಕ 10 ಲೆವೆಲ್ ಅವ. ಮೊದಲು 9 ಇದ್ದವು, 2024ರ ಆಗಸ್ಟ್‌ನ್ಯಾಗ ಹತ್ತನೇದು ಹಚ್ಚಿದ್ರು. ತೆಳಗಿನ ಲೆವೆಲ್ಲಿನ ಆಪರೇಷನ್ ಪೂರಾ ಮುಗಿಸಿದ್ರೇ ಮ್ಯಾಲಿನ ಬಾಗಿಲು ತೆರೀತದ. ಮಾಡಿದೋರಿಗಿ ಬುದ್ಧಿ ಇತ್ತು. ಬುದ್ಧಿ ಇಲ್ಲದವ ನಡುವ ಬಂದ.

ಅವ ಯಾರಂದ್ರ, ನಮ್ಮ ಹುಡುಗನ ಕ್ಲಾಸ್‌ಮೇಟಿನ ಅಣ್ಣ. ಆಡಿ ಆಡಿ ತನ್ನ ರ‍್ಯಾಂಕು ನೂರರ ಮ್ಯಾಲ ಏರಿಸಿದ ಮಹಾರಾಜ. "ಒಂದು ಎರಡು ಎಲ್ಲಾ ಸಣ್ಣ ಹುಡುಗರ ಆಟ, ಬಾ ನನ್ನ ಹಡಗಿಗಿ" ಅಂತ ಸೀದಾ 9ಕ್ಕ ಒಯ್ದ. ನಾ ಹಿಂದ ಕುಂತು ನೋಡ್ಲತ್ತಿದ್ದೆ, ಅವ್ವ ಕೊಟ್ಟ ಸೌತಿಕಾಯಿ ತಿನ್ಕೋತ. ನಾಲ್ವರಿಗಿ ಸೇರಿ ಇಪ್ಪತ್ತು ಜೀವ ಸಿಗ್ತಾವ, ನಮ್ಮ ಹುಡುಗ ಒಬ್ಬನೇ ಒಂಬತ್ತು ಮುಗಿಸ್ದ. ಮೊದಲನೇ ಸಾವಿಗಿ ಮಹಾರಾಜ ನಕ್ಕ. ಮೂರನೇದಕ್ಕ ಉಸಿರು ಬಿಟ್ಟ. ಆರನೇದಕ್ಕ "ಏ, ಏನ್ ಮಾಡ್ಲತ್ತೀಲೇ" ಅಂದ. ಒಂಬತ್ತಕ್ಕ ಮಾತೇ ಇಲ್ಲ, ವಿಮಾನ ಬಂತು, ಬಟನ್ ಒತ್ತಿ ತಗದು ಒಗದ.

ಕರಕೊಂಡು ಹೋದಾಂವ ನೀನು. ಕಲಿಸದಾಂವ ನೀನು. ಹೊರಗ ಹಾಕೋನೂ ನೀನೇ?

ನನ್ನ ಉದ್ಯೋಗ ನಿಮಗೆಲ್ಲಾ ಗೊತ್ತೇ ಅದ. ಹದಿಮೂರು ವರ್ಷದಿಂದ ಈ ಊರಿನ ಮಂದಿಗಿ ಕಾರು ಕಲಸ್ತೀನಿ, ನಿಮ್ಮಾಗ ಅರ್ಧ ಮಂದಿಗಿ ನಾನೇ ಕಲಿಸೀನಿ. ಮೊದಲನೇ ವಾರ ಎಲ್ಲಿಗಿ ಒಯ್ತಿದ್ದೆ? ಮುಂಜಾನಿ ಐದೂವರಿಗಿ ರಿಂಗ್ ರೋಡು. ರೋಡಿನ್ಯಾಗ ನಾಯಿ ಬಿಟ್ಟು ಯಾರೂ ಇರಲ್ಲ. ಸ್ಟಾರ್ಟ್ ಮಾಡು, ಬಂದ್ ಮಾಡು, ಮತ್ತ ಸ್ಟಾರ್ಟ್ ಮಾಡು. ಬ್ಯಾಸರ ಬಂದ್ರೂ ಅದೇ. ಸಂಜಿ ಏಳಕ್ಕ ಸೂಪರ್ ಮಾರ್ಕೆಟ್ ಬಜಾರಿಗಿ ಒಯ್ದಿದ್ರ ಏನ್ ಆಗ್ತಿತ್ತು? ಆಟೊ, ಬಾಳಿಹಣ್ಣಿನ ಗಾಡಿ, ರಾಂಗ್ ಸೈಡಿನಿಂದ ಬರೋ ಬುಲೆಟ್, ನಡುವ ಒಂದು ಎಮ್ಮಿ. ಗಾಡಿ ಬಂದ್ ಬೀಳ್ತಿತ್ತು, ಹಿಂದಿನೋರು ಹಾರ್ನ್ ಹೊಡೀತಿದ್ರು, ನೀವು ಜೀವನದಾಗ ಮತ್ತ ಸ್ಟೀರಿಂಗ್ ಮುಟ್ಟತಿರಲಿಲ್ಲ. 9ನೇ ಲೆವೆಲ್ ಅಂದ್ರ ಅದೇ ಸೂಪರ್ ಮಾರ್ಕೆಟ್ಟು, ಎಮ್ಮಿ ಬೆಂಕಿ ಉಗುಳ್ತದ ಅಷ್ಟೇ ಫರಕು.

ಈಗ ಒಬ್ಬಿಬ್ಬರು ಕಾಮೆಂಟಿಗಿ ಬರ್ತೀರಿ, ಗೊತ್ತದ. "ಮ್ಯಾಲಿನ ಲೆವೆಲ್ ಆಡಿದ್ರ ಜಲ್ದಿ ಪಾಯಿಂಟ್ ಬರ್ತದ, ಮೆಡಲ್ ಬರ್ತದ, ಛಲೋ ಆಯುಧ ಸಿಗ್ತದ, ಹುಡುಗಗ ಫಾಯದಾ ಅಲ್ಲೇನು?" ಬರ್ತದ್ರಿ. 500 ಕೆ.ಜಿ. ಬಾಂಬೂ ಸಿಗ್ತದ. ಎಲ್ಲಿ ಒಗೀಬೇಕು ಗೊತ್ತಿಲ್ಲದವನ ಕೈಯಾಗ 500 ಕೆ.ಜಿ. ಬಾಂಬ್ ಕೊಟ್ಟು ನೀವೇ ಅವನ ಬಾಜೂಕ ನಿಂದರ್ರಿ, ನಾ ದೂರಿಂದ ನೋಡ್ತೀನಿ.

ಇನ್ನೊಂದು ಜಾಣರ ಮಾತದ: "ಸರ, ಆಟದ ತಮಾಷೆನೇ ಅದು. ಸೈನಿಕರ ಜೀವಕ್ಕ ಕಿಮ್ಮತ್ತಿಲ್ಲ ಅಂತ ತೋರಸ್ಲಿಕ್ಕೇ ತರಬೇತಿ ಅಷ್ಟು ಸಣ್ಣದು ಇಟ್ಟಾರ." ಇದು ಖರೆ, ಒಪ್ಪಿದೆ. ಸೂಪರ್ ಅರ್ಥ್ ಅನ್ನೋ ಸರ್ಕಾರ ಪ್ರಜಾಪ್ರಭುತ್ವ ಅಂತ ಬೊಬ್ಬಿ ಹೊಡೀತದ, ಹುಡುಗರಿಗಿ ಕೇಪು ಕಟ್ಟಿ ಸಾಯ್ಲಿಕ್ಕ ಕಳಸ್ತದ, ನೀ ಸತ್ತ ಮ್ಯಾಲ ಇಳದು ಬರೋನು ನೀನಲ್ಲ, ಬ್ಯಾರೆ ಯಾರೋ ಹೊಸಾ ಸೈನಿಕ. ಭಾಳ ಛಂದ ವ್ಯಂಗ್ಯ. ಆದ್ರ ಆ ವ್ಯಂಗ್ಯ ಸ್ಕ್ರೀನ್ ಒಳಗಿನೋರ ಮ್ಯಾಲ, ಹೊರಗ ಕುಂತ ಹುಡುಗನ ಮ್ಯಾಲ ಅಲ್ಲ. ನಮ್ಮ ಹುಡುಗ ಒಬ್ಬನೇ ಹಾನ. ಅವ ಹೋಗಿ ಮಲಗಿದ ಮ್ಯಾಲ ಆಕಾಶದಿಂದ ಇನ್ನೊಬ್ಬ ಅಕ್ಕನ ಮಗ ಇಳೀಲಿಲ್ಲ.

ಇಷ್ಟು ಬರದು ನಾ ದೊಡ್ಡ ಗುರು ಅಂತ ಅನ್ಕೊಬ್ಯಾಡ್ರಿ. ಇವತ್ತ ಮುಂಜಾನಿ ಅವನಿಗಿ ಎಬ್ಬಿಸಿ, ಚಹಾ ಕುಡಿಸಿ, "ಬಾ, ಮೂರನೇ ಲೆವೆಲ್ ಆಡಮು, ಇಬ್ಬರೇ" ಅಂದೆ. ಛಂದ ಆಡಿದ್ವಿ. ಹುಳ ಬಂದ್ವು, ನಾ ಹೊಡದೆ. ಗೂಡು ಕಂಡ್ವು, ನಾ ಮುಚ್ಚಿದೆ. ಚಾರ್ಜರ್ ಬಂತು, ರಾಕೆಟ್ ತರಿಸಿ ನಾನೇ ಕೆಡವಿದೆ. ಹದಿನೈದು ನಿಮಿಷಕ್ಕ ಮುಗೀತು, ಯಾರೂ ಸಾಯಲಿಲ್ಲ. ತಿರುಗಿ ನೋಡ್ತೀನಿ, ಹುಡುಗ ಸಪ್ಪಗ ಕುಂತಾನ. "ಮಾಮಾ, ನೀನೇ ಆಡ್ದಿ. ನಾ ಸುಮ್ಮ ನಿನ್ನ ಹಿಂದ ಓಡಿದೆ."

ನಮ್ಮ ಟ್ರೇನಿಂಗ್ ಗಾಡ್ಯಾಗ ನನ್ನ ಕಾಲಬುಡಕ್ಕೂ ಒಂದು ಬ್ರೇಕು, ಒಂದು ಕ್ಲಚ್ಚು ಅದ. ಹೋದ ವರ್ಷ ಒಬ್ಬ ಅಕ್ಕಾರು ಕ್ಲಾಸ್ ಮುಗಿಸಿ, ಹೊಸಾ ಗಾಡಿ ತಗೊಂಡು, ಮೊದಲನೇ ದಿನಾನೇ ಮನಿ ಕಂಪೌಂಡಿಗಿ ಗುದ್ದಿದ್ರು. ನನಗ ಫೋನ್ ಮಾಡಿ ಬೈಲಿಲ್ಲ, ಪಾಪ, ಅಚ್ಚರಿಯಿಂದ ಕೇಳಿದ್ರು: "ಸರ, ನಿಮ್ಮ ಗಾಡಿ ತಾನೇ ನಿಂದರ್ತಿತ್ತಲ್ರಿ?" ಆ ಮಾತು ಮುಂಜಾನಿಂದ ಕಿವ್ಯಾಗ ಕುಂತದ. ಮಹಾರಾಜ ಸೂಪರ್ ಮಾರ್ಕೆಟ್ಟಿನ್ಯಾಗ ಕೈಬಿಟ್ಟ, ನಾ ರಿಂಗ್ ರೋಡಿನ್ಯಾಗ ಬ್ರೇಕಿನ ಮ್ಯಾಲಿಂದ ಕಾಲೇ ತಗೀಲಿಲ್ಲ. ಹುಡುಗನಿಗಿ ಎರಡೂ ಕಡಿ ಗಾಡಿ ಸಿಗಲಿಲ್ಲ.

ಮಧ್ಯಾಹ್ನ ಅವ ಊಟಕ್ಕ ಕುಂತು ಎಡಗೈ ಬೆರಳಿಂದ ತಾಟಿನ ಅಂಚಿಗಿ ಏನೋ ಕುಟ್ಲತ್ತಿದ್ದ. ತೆಳಗ, ತೆಳಗ, ಮ್ಯಾಲ, ಬಲಕ್ಕ. ಮದ್ದು ತರಿಸೋ ಗುರ್ತು. ಅವ್ವ "ರೊಟ್ಟಿ ಆರ್ಲತ್ತದ, ತಿನ್ನಲೇ" ಅಂದ್ರೂ ಕೇಳಲಿಲ್ಲ.

ಇವತ್ತ ರಾತ್ರಿ 9 ಗಂಟಿಗಿ ಮತ್ತ ಇಳೀತೀವಿ, ಎರಡನೇ ಲೆವೆಲ್. ಇನ್ನಾ ಇಬ್ಬರಿಗಿ ಜಾಗಾ ಅದ. ಬರೋರು ಮೈಕ್ ಹಚ್ಚಿಕೊಂಡು ಬರ್ರಿ. ರಾಕೆಟ್ ಹುಡುಗನ ಕಡಿ ಇರ್ತದ, ನೀವು ಯಾರೂ ತರಬ್ಯಾಡ್ರಿ. ಕರೆಂಟ್ ಹೋದ್ರ ಹತ್ತಕ್ಕ.