ಏಳು ಜನ, ಒಂದು ಮನೆ, ಕಾಲು ಪೌಂಡ್ ಬೆಣ್ಣೆ

ಅಮೆರಿಕದ ನಾಟಕಕಾರ ನೀಲ್ ಸೈಮನ್ ಅವರ ‘ಬ್ರೈಟನ್ ಬೀಚ್ ಮೆಮೋಯರ್ಸ್’ ನಾಟಕವನ್ನು ‘ಹಳೇ ಕಾಲದ ಮುದ್ದಾದ ಹಾಸ್ಯ’ ಅಂತ ಹೇಳಿ ಮುಗಿಸಿಬಿಡುವವರಿದ್ದಾರೆ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಆ ನಗುವಿನ ಕೆಳಗೆ ಇರುವುದೆಲ್ಲ ದುಡ್ಡಿನ ಚಿಂತೆ.

1937ರ ಬ್ರೂಕ್ಲಿನ್, ಅಂದರೆ ನ್ಯೂಯಾರ್ಕ್ ನಗರದ ಒಂದು ಭಾಗ. ಒಂದು ಯಹೂದಿ ಮನೆ. ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು. ಜೊತೆಗೆ ಗಂಡನನ್ನು ಕಳೆದುಕೊಂಡ ಚಿಕ್ಕಮ್ಮ, ಅವಳ ಇಬ್ಬರು ಹೆಣ್ಣುಮಕ್ಕಳು. ಕಥೆ ಹೇಳುವವನು ಕಿರಿಯ ಮಗ ಯುಜೀನ್.

ಅಮ್ಮ ಅವನನ್ನು ಮತ್ತೆ ಮತ್ತೆ ಅಂಗಡಿಗೆ ಓಡಿಸುತ್ತಾಳೆ, ಬರೀ ಕಾಲು ಪೌಂಡ್ ಬೆಣ್ಣೆಗೆ. ಒಟ್ಟಿಗೇ ತರಬಹುದಲ್ವಾ ಅನ್ನೋದು ಹುಡುಗನ ಪ್ರಶ್ನೆ. ನಾವು ನಗುತ್ತೇವೆ. ಆದರೆ ನಾಳೆಯ ಖರ್ಚನ್ನು ಇವತ್ತೇ ಮಾಡಲು ಅವಳಿಗೆ ಧೈರ್ಯವಿಲ್ಲ. ಅಂಥ ಅಮ್ಮಂದಿರನ್ನು ನಾವೂ ನೋಡಿದ್ದೇವೆ.

ಅಪ್ಪನಿಗೆ ಹಗಲು ಬಟ್ಟೆ ಕತ್ತರಿಸುವ ಕೆಲಸ. ಎರಡನೇ ಕೆಲಸ ಕೈಬಿಟ್ಟು ಹೋಗಿದೆ. ಅವನು ದಣಿದು ಬಂದರೆ ಮನೆಯವರೆಲ್ಲ ತಮ್ಮ ತಮ್ಮ ಸಮಸ್ಯೆ ಹಿಡಿದು ಕಾಯುತ್ತಿರುತ್ತಾರೆ. ಚಿಕ್ಕಮ್ಮನ ದೊಡ್ಡ ಮಗಳಿಗೆ ಓದು ಬಿಟ್ಟು ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಲ್ಲಿ, ಕುಣಿಯುವ ಆಸೆ. ದೊಡ್ಡ ಮಗ ಜೊತೆಯ ಕರಿಯ ಕೆಲಸಗಾರನ ಪರ ನಿಂತು ಮಾಲೀಕನ ಸಿಟ್ಟಿಗೆ ಗುರಿಯಾಗಿದ್ದಾನೆ. ಕ್ಷಮೆ ಕೇಳದಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನೆ ನಡೆಯುವುದಿಲ್ಲ. ಮರ್ಯಾದೆಯೋ ಸಂಬಳವೋ ಅನ್ನುವ ಈ ದೃಶ್ಯ ನನಗೆ ಇಡೀ ನಾಟಕದ ಜೀವ.

ಇವರು ದೇವರಂಥ ಮನುಷ್ಯರೂ ಅಲ್ಲ. ಅಮ್ಮನಿಗೆ ಎದುರುಮನೆಯ ಐರಿಷ್ ಜನರನ್ನು ಕಂಡರಾಗದು. ವರ್ಷಗಟ್ಟಲೆ ನುಂಗಿಕೊಂಡಿದ್ದನ್ನೆಲ್ಲ ಅಮ್ಮ ಮತ್ತು ಚಿಕ್ಕಮ್ಮ, ಅಕ್ಕ ತಂಗಿ, ಒಂದು ರಾತ್ರಿ ಕಕ್ಕಿಬಿಡುತ್ತಾರೆ. ಜಾಗ ಸಾಲದ ಮನೆಯಲ್ಲಿ ಪ್ರೀತಿಯೂ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಇದನ್ನು ಸೈಮನ್ ಮುಚ್ಚಿಡುವುದಿಲ್ಲ. ಅದಕ್ಕೇ ಕೊನೆಗೆ ಪೋಲೆಂಡಿನಿಂದ ತಪ್ಪಿಸಿಕೊಂಡ ನೆಂಟರು ಬರುತ್ತಿದ್ದಾರೆ ಅಂತ ತಿಳಿದಾಗ, ಇಷ್ಟು ಇಕ್ಕಟ್ಟಿನಲ್ಲೂ ಅವರನ್ನು ಎಲ್ಲಿ ಮಲಗಿಸುವುದು ಅಂತ ಯೋಚಿಸುವ ಈ ಮನೆಯವರನ್ನು ನಾವು ನಂಬುತ್ತೇವೆ.

1983ರಲ್ಲಿ ಬ್ರಾಡ್‌ವೇಗೆ ಬಂದ ನಾಟಕ ಮೂರು ವರ್ಷ ನಡೆಯಿತು. ಯುಜೀನ್ ಪಾತ್ರಕ್ಕೆ ಮ್ಯಾಥ್ಯೂ ಬ್ರಾಡರಿಕ್‌ಗೆ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಯೂ ಬಂತು. 2009ರಲ್ಲಿ ಮತ್ತೆ ಆಡಿಸಿದಾಗ ಮಾತ್ರ ಒಂದೇ ವಾರಕ್ಕೆ ನಿಂತುಹೋಯಿತು. ಈ ಸುದ್ದಿ ನನಗೆ ಇವತ್ತಿಗೂ ಸಂಕಟ.

ನಮ್ಮ ಹವ್ಯಾಸಿ ತಂಡದವರು ಯಾರಾದರೂ ಇದನ್ನು ಕನ್ನಡದಲ್ಲಿ ಆಡಲಿ. ಊರು, ಹೆಸರು ಬದಲಿಸುವುದು ಬೇಡ. ಅದು ಬ್ರೂಕ್ಲಿನ್‌ನ ಯಹೂದಿ ಮನೆಯಾಗಿಯೇ ಇರಲಿ, ನಮಗೆ ಅರ್ಥವಾಗುತ್ತದೆ.